ಬಿಎ ಓದಿ ಏನ್ ಮಾಡ್ತೀಯಾ ಅಂತ ಕೇಳೋ ಮಹನೀಯರಿಗೆ



ಪೋಸ್ಟ್ ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ, ಆಮೇಲೆ ಬೈಯೋದಿದ್ರೆ ಬೈಯಿರಿ.

ನಮ್ಮಕ್ಕನ ಮಗಳು ಈ ಸಲ ಪಿಯುಸಿ ಆರ್ಟ್ಸ್‌ನಲ್ಲಿ ನೂರಕ್ಕೆ ತೊಂಬತ್ತರ ಮೇಲೆ ತೆಗೆದಿದ್ದಾಳೆ. ನಮ್ಮ ಕೇರಿಯಲ್ಲಿ ಇಲ್ಲೀವರೆಗೂ ಯಾರೂ ಇಷ್ಟು ಮಾರ್ಕ್ಸ್ ತೆಗೆದವರಿಲ್ಲ. ಖುಷಿಗೆ ಅರ್ಧ ಕೆಜಿ ಮೈಸೂರು ಪಾಕ್ ತಗೊಂಡು ಆಫೀಸಿಗೆ ಹೋದೆ. ಎಲ್ಲರೂ ತಿಂದ್ರು. ನಮ್ಮ ಸೆಕ್ಷನ್ನಿನ ಹಿರಿಯರೊಬ್ರು ಬಾಯಿ ಒರೆಸ್ಕೊಂಡು "ಮುಂದೇನು ಓದಿಸ್ತೀರಿ?" ಅಂದ್ರು. "ಬಿಎ ಸೇರ್ತಾಳಂತೆ ಸಾರ್. ಹಿಸ್ಟರಿ, ಪೊಲಿಟಿಕಲ್ ಸೈನ್ಸ್" ಅಂದೆ. ಸಾವಿನ ಮನೆಗೆ ಬಂದವರ ಥರ ಮುಖ ಮಾಡಿದ್ರು. "ಅಯ್ಯೋ, ಇಷ್ಟು ಮಾರ್ಕ್ಸ್ ಇಟ್ಕೊಂಡು ಬಿಎನಾ? ನರ್ಸಿಂಗ್ ಡಿಪ್ಲೊಮಾಗೋ ಬಿಸಿಎಗೋ ಸೇರಿಸ್ರೀ. ಬೇಗ ಕೆಲಸ ಸಿಗುತ್ತೆ. ನಿಮ್ಮೋರಿಗೆ ಅದೇ ಒಳ್ಳೇದು."

ಈ "ನಿಮ್ಮೋರಿಗೆ" ಅನ್ನೋ ಮಾತನ್ನ ಸ್ವಲ್ಪ ನೆನಪಲ್ಲಿಟ್ಕೊಳ್ಳಿ.

ಇದೇ ಸಾಹೇಬ್ರ ಮಗಳು ಬೆಂಗಳೂರಿನ ಒಂದು ಪ್ರೈವೇಟ್ ಯೂನಿವರ್ಸಿಟಿಯಲ್ಲಿ ಓದ್ತಾ ಇದ್ದಾಳೆ. ವರ್ಷಕ್ಕೆ ಲಕ್ಷಗಟ್ಟಲೆ ಫೀಸು. ಹೋದ ವರ್ಷ ಅವರೂ ಸ್ವೀಟ್ ಹಂಚಿದ್ರು. ಕೋರ್ಸು ಏನು ಸಾರ್ ಅಂತ ಕೇಳಿದ್ದಕ್ಕೆ ಎದೆ ಉಬ್ಬಿಸಿ "ಲಿಬರಲ್ ಆರ್ಟ್ಸ್" ಅಂದಿದ್ರು. ಹಂಗಂದ್ರೇನು ಅಂದೆ. "ಫಿಲಾಸಫಿ, ಹಿಸ್ಟರಿ, ಎಕನಾಮಿಕ್ಸ್, ಲಿಟರೇಚರ್ ಎಲ್ಲಾ ಇರುತ್ತೆ ಕಣ್ರೀ. ಕ್ರಿಟಿಕಲ್ ಥಿಂಕಿಂಗ್ ಬೆಳೆಯುತ್ತೆ. ಈಗ ಎಲ್ಲಾ ಕಡೆ ಇದಕ್ಕೇ ಡಿಮ್ಯಾಂಡು."

ಸಾರ್, ಅದು ಬಿಎ ಅಲ್ವಾ?

ಹವಾನಿಯಂತ್ರಿತ ಕ್ಲಾಸಿನಲ್ಲಿ ಕೂತು ಅವರ ಮಗಳು ಓದಿದ್ರೆ ಲಿಬರಲ್ ಆರ್ಟ್ಸ್. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಮುರಿದ ಬೆಂಚಿನ ಮೇಲೆ ಕೂತು ನಮ್ಮ ಹುಡುಗಿ ಓದಿದ್ರೆ "ಬರೀ ಬಿಎ". ಅವಳಿಗೆ ಆಲೋಚನೆ ಮಾಡೋ ಶಕ್ತಿ ಬೆಳೀಬೇಕು, ಇವಳಿಗೆ ಬೇಗ ಕೆಲಸ ಸಿಗಬೇಕು. ಅವಳು ಆಳೋದಕ್ಕೆ ಓದಬೇಕು, ಇವಳು ದುಡಿಯೋದಕ್ಕೆ ಓದಬೇಕು. ಮನು ಇದನ್ನ ಬರೆಯೋಕೆ ಒಂದು ಪುಸ್ತಕವನ್ನೇ ತಗೊಂಡ. ನಮ್ಮ ಸಾಹೇಬ್ರು ಮೈಸೂರು ಪಾಕ್ ತಿಂತಾ ಒಂದೇ ವಾಕ್ಯದಲ್ಲಿ ಹೇಳಿಬಿಟ್ರು.

ಸ್ವಲ್ಪ ಹಿಂದಕ್ಕೆ ಹೋಗೋಣ. ಹಿಸ್ಟರಿ ಓದಿದೋನು ನಾನು, ಅಭ್ಯಾಸ.

ಮೈಸೂರು ಸಂಸ್ಥಾನದಲ್ಲಿ ಬಿಎ ಅಂದ್ರೆ ಏನಿತ್ತು ಗೊತ್ತಾ? ಅಧಿಕಾರದ ಬೀಗದಕೈ. ಬಿಎ ಮಾಡಿದವನು ಅಮಲ್ದಾರ ಆಗ್ತಿದ್ದ, ಮುಂದೆ ಡೆಪ್ಯುಟಿ ಕಮಿಷನರ್ ಆಗ್ತಿದ್ದ. ಆ ಬೀಗದಕೈ ಯಾರ ಜನಿವಾರಕ್ಕೆ ಕಟ್ಕೊಂಡಿತ್ತು ಅನ್ನೋದು ಎಲ್ಲರಿಗೂ ಗೊತ್ತಿರೋ ವಿಷಯ. ಬ್ರಾಹ್ಮಣೇತರರು ಗಲಾಟೆ ಎಬ್ಬಿಸಿದ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿ ಮಾಡಿದ್ರು. ಸರ್ಕಾರಿ ಹುದ್ದೆಯಲ್ಲಿ ಹಿಂದುಳಿದವರಿಗೂ ಪಾಲು ಕೊಡೋದು ಹೆಂಗೆ ಅಂತ ನೋಡೋಕೆ. ದಿವಾನ್ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆ ಆಗಲಿಲ್ಲ, ದಿವಾನಗಿರಿ ಬಿಟ್ರು. ಇನ್ನೊಂದು ವಿಷಯ. ಇಂಜಿನಿಯರುಗಳ ದೇವರು ಅಂತ ಫೋಟೋ ಇಟ್ಟು ಹಾರ ಹಾಕ್ತೀರಲ್ಲ, ಆ ವಿಶ್ವೇಶ್ವರಯ್ಯನವರು ಕೂಡ ಪುಣೆಗೆ ಹೋಗಿ ಇಂಜಿನಿಯರಿಂಗ್ ಓದೋ ಮುಂಚೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿಎ ಮುಗಿಸಿದ್ರು.

ಅವರು ಓದೋವಾಗ ಬಿಎಗೆ ಬೆಲೆ ಇತ್ತು. ನಮ್ಮ ತಾತ, ಅಪ್ಪಂದಿರಿಗೆ ಶಾಲೆಯ ಜಗಲಿ ಹತ್ತೋಕೂ ಬಿಡಲಿಲ್ಲ. ಬಾಬಾಸಾಹೇಬರ ಸಂವಿಧಾನ ಬಂತು, ಹಾಸ್ಟೆಲ್ ಬಂತು, ಸ್ಕಾಲರ್‌ಶಿಪ್ ಬಂತು. ತಾಲ್ಲೂಕಿಗೊಂದು ಸರ್ಕಾರಿ ಡಿಗ್ರಿ ಕಾಲೇಜು ಬಂತು. ಕೇರಿ, ಹಟ್ಟಿ, ತಾಂಡಾದ ಮಕ್ಕಳು ಬಿಎ ಕ್ಲಾಸಿಗೆ ಬಂದು ಕೂತ್ರು. ನಾವು ಬಂದು ಕೂತ ತಕ್ಷಣ "ಬಿಎಗೆ ಬೆಲೆ ಇಲ್ಲ" ಅಂತ ಶುರುವಾಯ್ತು. ನಾವು ಮುಟ್ಟಿದ ನೀರಿಗೆ ಬೆಲೆ ಇಲ್ಲ, ನಾವು ಮುಟ್ಟಿದ ಡಿಗ್ರಿಗೂ ಬೆಲೆ ಇಲ್ಲ!

ಈಗ ಬಾಬಾಸಾಹೇಬರ ವಿಷಯಕ್ಕೆ ಬರ್ತೀನಿ. ಪ್ರತಿ ಏಪ್ರಿಲ್ 14ಕ್ಕೆ ಡಿಜೆ ಹಾಕಿ ಕುಣಿಯೋ ನಮ್ಮ ತಮ್ಮಂದಿರೂ ಗಮನ ಇಟ್ಟು ಕೇಳಿ.

ಅಂಬೇಡ್ಕರ್ ಬಿಎ ಓದಿದ್ದು ಮುಂಬೈನ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ. 1913ರಲ್ಲಿ ಬರೋಡ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದ್ರು. ಅಲ್ಲಿ ಅವರು ತಗೊಂಡ ಕೋರ್ಸುಗಳ ಪಟ್ಟಿ ಇವತ್ತಿಗೂ ಇದೆ. ಅರ್ಥಶಾಸ್ತ್ರ 29, ಇತಿಹಾಸ 11, ಸಮಾಜಶಾಸ್ತ್ರ 6, ತತ್ವಶಾಸ್ತ್ರ 5, ಮಾನವಶಾಸ್ತ್ರ 4, ರಾಜ್ಯಶಾಸ್ತ್ರ 3. ಪೂರ್ತಿ ಆರ್ಟ್ಸು. 1916ರ ಮೇ ತಿಂಗಳಲ್ಲಿ ಮಾನವಶಾಸ್ತ್ರದ ಸೆಮಿನಾರಿನಲ್ಲಿ ಭಾರತದ ಜಾತಿಗಳ ಮೇಲೆ ಪ್ರಬಂಧ ಓದಿದಾಗ ಅವರಿಗಿನ್ನೂ 25 ವರ್ಷ. ಜಾತಿ ದೇವರು ಮಾಡಿದ್ದಲ್ಲ, ಒಳಜಾತಿ ಮದುವೆಯ ಕಟ್ಟು ಹಾಕಿ ಮನುಷ್ಯರೇ ಮಾಡಿದ್ದು ಅಂತ ಅಲ್ಲಿ ಬಿಡಿಸಿಟ್ರು. ಆಮೇಲೆ ಲಂಡನ್ನಿಗೆ ಹೋಗಿ ರೂಪಾಯಿಯ ಸಮಸ್ಯೆ ಮೇಲೆ ಬರೆದು 1923ರಲ್ಲಿ ಡಿಎಸ್ಸಿ ತಗೊಂಡ್ರು. ಕಾನೂನನ್ನೂ ಓದಿದ್ರು.

ಆವತ್ತು ಯಾರಾದ್ರೂ ಹಿತೈಷಿ ಬಂದು "ಭೀಮಾ, ನಿಮ್ಮೋರಿಗೆ ಇದೆಲ್ಲ ಯಾಕಪ್ಪಾ, ಐಟಿಐ ಮಾಡ್ಕೋ" ಅಂದಿದ್ರೆ, ಅವರು ಕೇಳಿದ್ದಿದ್ರೆ, ಇವತ್ತು ನಾವೆಲ್ಲಿರ್ತಿದ್ವಿ?

ಬಾಬಾಸಾಹೇಬರು ಪೀಪಲ್ಸ್ ಎಜುಕೇಶನ್ ಸೊಸೈಟಿ ಕಟ್ಟಿದ್ದು 1945ರಲ್ಲಿ. ಮರುವರ್ಷವೇ ಮುಂಬೈನಲ್ಲಿ ಸಿದ್ಧಾರ್ಥ ಕಾಲೇಜು ಶುರು ಮಾಡಿದ್ರು, ಕಲೆ ಮತ್ತು ವಿಜ್ಞಾನದ ಕಾಲೇಜು. 1950ರಲ್ಲಿ ಔರಂಗಾಬಾದಿನಲ್ಲಿ ಮಿಲಿಂದ ಕಾಲೇಜು. ಮರಾಠಿ ದಲಿತ ಸಾಹಿತ್ಯಕ್ಕೆ ಆ ಕಾಲೇಜು ತವರುಮನೆ ಇದ್ದ ಹಾಗೆ. ನಮ್ಮ ಜನಕ್ಕೆ ಹೊಟ್ಟೆಗೆ ಹಿಟ್ಟಿಲ್ಲದ ಕಾಲ ಅದು. ಆದ್ರೂ ನಮ್ಮ ಹುಡುಗರು ಸಾಹಿತ್ಯ, ಚರಿತ್ರೆ ಓದಲಿ ಅಂತ ಆ ಮನುಷ್ಯ ಯೋಚನೆ ಮಾಡಿದ್ರು.

ನಮ್ಮ ಕರ್ನಾಟಕವನ್ನೇ ನೋಡಿ. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದಿದ್ದಕ್ಕೆ ರಾಜ್ಯವೇ ಹೊತ್ತಿ ಉರೀತು. ಕೊನೆಗೆ ಅವರು ಮಂತ್ರಿ ಪದವಿ ಬಿಡಬೇಕಾಯ್ತು. ಆವತ್ತು ಅವರ ಪರ ನಿಂತು ಹೊಡೆಸಿಕೊಂಡವರು ಯಾರು? ಕಾಲೇಜು, ಹಾಸ್ಟೆಲಿನ ದಲಿತ ಹುಡುಗರು. ಆಮೇಲೆ ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ಸಿದ್ಧಲಿಂಗಯ್ಯನವರು ಕನ್ನಡ ಎಂಎ. ದೇವನೂರ ಮಹಾದೇವ ಅವರೂ ಕನ್ನಡ ಎಂಎ. ಇವರೆಲ್ಲ ಹುಟ್ಟಿದ್ದು ಆರ್ಟ್ಸ್ ಕ್ಲಾಸಿನೊಳಗೆ. ನಿಮ್ಮ ಸಾಹಿತ್ಯದಲ್ಲಿ ನಾವೆಲ್ಲಿದೀವಿ ಅಂತ ಕೇಳಬೇಕಾದ್ರೆ ಮೊದಲು ಆ ಸಾಹಿತ್ಯವನ್ನ ಓದಿರಬೇಕು. ಓದಿದ್ರು, ಕೇಳಿದ್ರು. ಉತ್ತರ ಸಿಗಲಿಲ್ಲ, ತಾವೇ ಬರೆದ್ರು.

ನನ್ನ ಕಥೆ ಸ್ವಲ್ಪ ಹೇಳ್ತೀನಿ. ದೊಡ್ಡದೇನಲ್ಲ, ಒಬ್ಬ ಗುಮಾಸ್ತನ ಕಥೆ.

ನಾನು ಬಿಎ ಸೇರಿದ್ದು ಬೇರೆ ದಾರಿ ಇಲ್ಲದೆ. ಮೊದಲ ವರ್ಷ ಪೂರ್ತಿ ಗೈಡು ಉರು ಹೊಡೆದೆ, ಪಾಸಾದೆ. ಎರಡನೇ ವರ್ಷ ಇತಿಹಾಸಕ್ಕೆ ಒಬ್ಬರು ಮೇಷ್ಟ್ರು ಬಂದ್ರು. ಮೊದಲನೇ ದಿನವೇ "ನಿಮ್ಮ ನಿಮ್ಮ ಬೀದಿಯ ಚರಿತ್ರೆ ನಾಲ್ಕು ಪುಟ ಬರ್ಕೊಂಡು ಬನ್ನಿ" ಅಂದ್ರು. ನಾನು ಸುಮ್ಮನೆ ಕೂತೆ. ಕೇರಿಗೆ ಎಂಥಾ ಚರಿತ್ರೆ? ಚರಿತ್ರೆ ಇರೋದು ರಾಜರಿಗೆ, ದೇವಸ್ಥಾನಕ್ಕೆ. ಊರಿಗೆ ಹೋಗಿ ಅಜ್ಜಿ ಹತ್ರ ಕೂತೆ. ಬರೆಯೋ ಶಾಸ್ತ್ರಕ್ಕೆ ಒಂದೆರಡು ಪ್ರಶ್ನೆ ಕೇಳಿದೆ. ಅಜ್ಜಿ ರಾತ್ರಿ ಹನ್ನೊಂದರವರೆಗೂ ಮಾತಾಡ್ತು.

ನಮ್ಮ ತಾತ ನೀರಗಂಟಿಯಂತೆ. ಊರ ಕೆರೆಯ ತೂಬು ಎತ್ತೋನು ಅವನು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಅನ್ನೋ ಲೆಕ್ಕ ಪೂರ್ತಿ ಅವನ ತಲೇಲಿತ್ತು. ಏರಿ ಬಿರುಕು ಬಿಟ್ರೆ ರಾತ್ರೋರಾತ್ರಿ ನೀರಿಗಿಳಿದು ಮಣ್ಣು ಮೆತ್ತುತಿದ್ದೋನು ಅವನೇ. ಆದ್ರೆ ನಮ್ಮವ್ವ ಅದೇ ಕೆರೆಗೆ ಕೊಡ ಹಿಡ್ಕೊಂಡು ಹೋದ್ರೆ ದೂರ ನಿಂತ್ಕೊಬೇಕಿತ್ತು, ಯಾರಾದ್ರೂ ಮೇಲಿಂದ ಹುಯ್ಯೋವರೆಗೂ.

ನಾಲ್ಕು ಪುಟ ಅಂದಿದ್ರು, ಹದಿನೇಳು ಪುಟ ಬರೆದೆ. ಮೇಷ್ಟ್ರು ಓದಿ, ಏನೂ ಮಾತಾಡದೆ ಲೈಬ್ರರಿಗೆ ಕರ್ಕೊಂಡು ಹೋಗಿ ಮಹಾಡ್ ಕೆರೆಯ ಬಗ್ಗೆ ಇದ್ದ ಒಂದು ಪುಸ್ತಕ ಕೈಗಿಟ್ರು. 1927ರಲ್ಲಿ ಬಾಬಾಸಾಹೇಬರು ಚೌಡಾರ್ ಕೆರೆಯ ನೀರು ಮುಟ್ಟಿದ್ದನ್ನ ಆವತ್ತು ರಾತ್ರಿ ಹಾಸ್ಟೆಲಿನಲ್ಲಿ ಓದಿದೆ. ಅದಕ್ಕೂ ಮುಂಚೆ ಅಂಬೇಡ್ಕರ್ ಅಂದ್ರೆ ನನಗೆ ಗೋಡೆ ಮೇಲಿನ ನೀಲಿ ಕೋಟಿನ ಫೋಟೋ ಅಷ್ಟೇ. ಆ ರಾತ್ರಿ ಅವರು ನಮ್ಮ ಊರ ಕೆರೆ ಹತ್ರ ಬಂದು ನಿಂತಂಗಾಯ್ತು. ನಮ್ಮವ್ವ ದೂರ ನಿಂತಿದ್ದು ನಮ್ಮ ಹಣೆಬರಹ ಅಲ್ಲ, ಒಂದು ವ್ಯವಸ್ಥೆ, ಅದನ್ನ ಯಾರೋ ಮಾಡಿದ್ದಾರೆ, ಯಾರಾದ್ರೂ ಕೆಡವಬಹುದು ಅಂತ ಅರ್ಥ ಆಗಿದ್ದು ಆವತ್ತು. ಸಂಘಟನೆಗೆ ಸೇರಿದ್ದು ಅದಾದ ತಿಂಗಳಿಗೆ.

ಇದನ್ನ ಯಾವ ಡಿಪ್ಲೊಮಾ ಕೊಡ್ತಿತ್ತು ಹೇಳಿ.

"ಬಿಎ ಮಾಡಿ ನೀನೇನು ಕಿತ್ತು ದಬಾಕಿದೆ, ಗುಮಾಸ್ತ ಆಗಿದೀಯ" ಅಂತ ಕಮೆಂಟ್ ಹಾಕೋಕೆ ಕೆಲವರು ರೆಡಿ ಇದ್ದೀರಿ, ಗೊತ್ತು. ಹೌದು, ಗುಮಾಸ್ತನೇ. ಡಿಗ್ರಿ ಮುಗಿದ ಮೇಲೆ ಕೆಲವು ವರ್ಷ ಜೆರಾಕ್ಸ್ ಅಂಗಡಿಯಲ್ಲೂ ಇದ್ದೆ. ಬಿಎ ಮಾಡಿದ ಮಾರನೇ ದಿನ ಕೆಲಸ ಸಿಗುತ್ತೆ ಅಂತ ನಾನು ಸುಳ್ಳು ಹೇಳಲ್ಲ. ಆದ್ರೆ ಒಂದು ಮಾತು. ಸರ್ಕಾರದ ಒಂದು ಕಾಗದ ಕೈಗೆ ಬಂದ್ರೆ ಅದರ ಹೊಟ್ಟೆಯೊಳಗೆ ಏನಿದೆ ಅಂತ ನಾನು ಓದಬಲ್ಲೆ. ನಮ್ಮ ಜನಕ್ಕೆ ಇವತ್ತು ಮೋಸ ಆಗ್ತಿರೋದು ದೊಣ್ಣೆಯಿಂದ ಮಾತ್ರ ಅಲ್ಲ, ಕಾಗದದಿಂದ ಜಾಸ್ತಿ.

ಎರಡು ಉದಾಹರಣೆ ಕೊಡ್ತೀನಿ.

ಒಂದು, ಪಿಟಿಸಿಎಲ್. ಸರ್ಕಾರ ದಲಿತರಿಗೆ ಮಂಜೂರು ಮಾಡಿದ ಜಮೀನನ್ನ ಬೇರೆಯವರು ಬರೆಸ್ಕೊಂಡಿದ್ರೆ ವಾಪಸ್ ಕೊಡಿಸೋ 1978ರ ಕಾಯ್ದೆ. ದೇವರಾಜ ಅರಸು ಕಾಲದ್ದು. ಆ ಕಾಯ್ದೆಯಲ್ಲಿ ಅರ್ಜಿ ಹಾಕೋಕೆ ಇಷ್ಟೇ ವರ್ಷ ಅಂತ ಕಾಲಮಿತಿ ಇರಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟು ಒಂದು ಕೇಸಿನಲ್ಲಿ "ಸಮಂಜಸ ಕಾಲದೊಳಗೆ" ಅರ್ಜಿ ಹಾಕಬೇಕು ಅಂತ ಹೇಳ್ತು. ಆ ಎರಡು ಪದ ಹಿಡ್ಕೊಂಡು ರಾಜ್ಯದ ತುಂಬ ನಮ್ಮೋರ ಅರ್ಜಿಗಳು ವಜಾ ಆದವು. ನನ್ನ ಹತ್ರ ಒಬ್ಬಜ್ಜಿ ಹಿಂಬರಹ ಹಿಡ್ಕೊಂಡು ಬಂದಿತ್ತು. "ಮಗಾ, ನನ್ ಕಡೆ ಆಗದೇನಪ್ಪಾ?" ಅಂತ ಕೇಳ್ತು. ಕಾಗದದಲ್ಲಿ ಅರ್ಜಿ ತಿರಸ್ಕೃತ ಅಂತಿತ್ತು. ಆ ಅಜ್ಜಿಗೆ ಏನು ಹೇಳಲಿ? ಓದು ಬರದವರಿಗೆ ಸಮಂಜಸ ಕಾಲ ಅಂದ್ರೆ ಎಷ್ಟು ವರ್ಷ? ಇದು ಕಾನೂನಿನ ಪ್ರಶ್ನೆ ಅಷ್ಟೇ ಅಲ್ಲ. ಚರಿತ್ರೆಯ ಪ್ರಶ್ನೆ, ಅರ್ಥಶಾಸ್ತ್ರದ ಪ್ರಶ್ನೆ, ಭಾಷೆಯ ಪ್ರಶ್ನೆ. ಓದಿಕೊಂಡ ನಮ್ಮ ಸಂಗಾತಿಗಳು ಅದನ್ನ ಬಿಡಿಸಿ ಬಿಡಿಸಿ ಬರೆದು, ಧರಣಿ ಕೂತು, ಬೆನ್ನು ಬಿಡದೇ ಇದ್ದಿದ್ದಕ್ಕೆ 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು.

ಇನ್ನೊಂದು, ನಮ್ಮ ಉಪಯೋಜನೆ ಹಣ. 2013ರಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಬಂದಾಗ ಪಟಾಕಿ ಹೊಡೆದ್ವಿ. ಒಳಗೆ 7(ಡಿ) ಅಂತ ಒಂದು ಸಣ್ಣ ಕಲಮು ಇತ್ತು. ಎಲ್ಲರಿಗೂ ಅಂತ ಮಾಡೋ ಕಾಮಗಾರಿಯಲ್ಲೂ ಒಂದು ಭಾಗ ದಲಿತರಿಗೇ ಖರ್ಚು ಮಾಡಿದ್ದು ಅಂತ ಲೆಕ್ಕ ತೋರಿಸಬಹುದು ಅನ್ನೋದು ಅದರ ಅರ್ಥ. ಆ ಒಂದು ಕಲಮಿನ ಬಾಗಿಲಿಂದ ನಮ್ಮ ಹಣ ವರ್ಷಗಟ್ಟಲೆ ಹೊರಗೆ ಹರೀತು. ಅದನ್ನ ತೆಗೆಸೋಕೆ 2023ರವರೆಗೂ ಬಡಿದಾಡಬೇಕಾಯ್ತು. ಈಗ ಗ್ಯಾರಂಟಿ ಯೋಜನೆಗಳಿಗೆ ಇದೇ ಹಣ ಹೋಗ್ತಿದೆ ಅನ್ನೋ ಜಗಳ ನಡೀತಿದೆ. ಬಜೆಟ್ ಪುಸ್ತಕ ತೆರೆದು ಯಾವ ಲೆಕ್ಕ ಶೀರ್ಷಿಕೆಯಿಂದ ಎಲ್ಲಿಗೆ ಹೋಯ್ತು ಅಂತ ತೋರಿಸಬಲ್ಲ ಹುಡುಗರು ನಮ್ಮ ತಾಲ್ಲೂಕಿನಲ್ಲಿ ಎಷ್ಟು ಜನ ಇದ್ದಾರೆ? ಬೆರಳಲ್ಲಿ ಎಣಿಸಿ. ಅರ್ಥಶಾಸ್ತ್ರ ಓದೋರು ಬೇಡ್ವಾ ನಮಗೆ?

ಈಗ ತಮಾಷೆ ಕೇಳಿ. ಬೆಂಗಳೂರಿನ ವಿಜಯನಗರಕ್ಕೆ ಹೋಗಿ ನೋಡಿ, ಬೀದಿಗೆ ನಾಲ್ಕು ಐಎಎಸ್-ಕೆಎಎಸ್ ಕೋಚಿಂಗ್ ಸೆಂಟರು. ಒಳಗೆ ಕೂತಿರೋರಲ್ಲಿ ಎಷ್ಟೋ ಜನ ಬಿಇ ಮಾಡಿದವರು, ಕೆಲವರು ಎಂಬಿಬಿಎಸ್ ಕೂಡ. ಏನು ಓದ್ತಿದ್ದಾರೆ? ಭಾರತದ ಇತಿಹಾಸ, ಸಂವಿಧಾನ, ಅರ್ಥಶಾಸ್ತ್ರ, ಭೂಗೋಳ, ಪ್ರಬಂಧ ಬರೆಯೋದು. ಐಚ್ಛಿಕಕ್ಕೆ ಕನ್ನಡ ಸಾಹಿತ್ಯ, ಮಾನವಶಾಸ್ತ್ರ, ಸಮಾಜಶಾಸ್ತ್ರ. ಅಂದ್ರೆ ಬಿಎ! ನಾಲ್ಕು ವರ್ಷ ಬಿಇ ಓದಿ, ಆಮೇಲೆ ಲಕ್ಷ ಕೊಟ್ಟು ಬಿಎ ಓದ್ತಿದ್ದಾರೆ. ಡಿಸಿ, ಎಸ್ಪಿ ಆಗೋಕೆ ಬೇಕಾಗಿರೋದು ಈ ಓದೇ ಅಂತ ಅವರಿಗೆ ಗೊತ್ತು. ನಮ್ಮ ಮಕ್ಕಳಿಗೆ ಮಾತ್ರ ಅದು ವೇಸ್ಟು ಅಂತ ಹೇಳಿಕೊಡ್ತಾರೆ. ಕೆಎಎಸ್, ಪಿಡಿಒ, ಪಿಎಸ್‌ಐ, ಎಫ್‌ಡಿಎ, ಯಾವುದಕ್ಕೆ ಬಿಎ ಸಾಲದು? ಬಿಎ ಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಇದೆ, ಬಿಎಡ್ ಇದೆ, ಎಂಎಸ್‌ಡಬ್ಲ್ಯು ಇದೆ, ಪತ್ರಿಕೋದ್ಯಮ ಇದೆ. ಅಟ್ರಾಸಿಟಿ ಕೇಸು ಹಿಡ್ಕೊಂಡು ವಕೀಲರನ್ನ ಹುಡುಕಿ ಅಲೆದವರಿಗೆ ಗೊತ್ತು, ನಮ್ಮೋರೇ ವಕೀಲರು ಎಷ್ಟು ಕಮ್ಮಿ ಇದ್ದಾರೆ ಅಂತ.

ಸೈನ್ಸು, ಇಂಜಿನಿಯರಿಂಗ್ ಬೇಡ ಅಂತ ನಾನು ಹೇಳ್ತಿಲ್ಲ. ಆಸೆ ಇದ್ದವರು ಓದಲಿ, ಡಾಕ್ಟ್ರಾಗಲಿ, ವಿಜ್ಞಾನಿ ಆಗಲಿ, ನಮಗೆ ಅವರೂ ಬೇಕು. ನನ್ನ ತಕರಾರು ಇರೋದು ಒತ್ತಾಯಕ್ಕೆ. ನಮ್ಮ ಕೇರಿಯ ಒಬ್ಬ ಹುಡುಗನಿಗೆ ಕವಿತೆ ಅಂದ್ರೆ ಪ್ರಾಣ. ಅವರಪ್ಪ ಹಸು ಮಾರಿ, ಕೈಸಾಲ ಮಾಡಿ ಮ್ಯಾನೇಜ್‌ಮೆಂಟ್ ಸೀಟಲ್ಲಿ ಇಂಜಿನಿಯರಿಂಗ್ ಸೇರಿಸಿದ್ರು. ಬ್ಯಾಕ್ ಮೇಲೆ ಬ್ಯಾಕ್ ಉಳೀತು. ಮೂರನೇ ವರ್ಷಕ್ಕೆ ಬಿಟ್ಟ. ಈಗ ಬೆಂಗಳೂರಲ್ಲಿ ಬೈಕ್ ಮೇಲೆ ಊಟ ಡೆಲಿವರಿ ಮಾಡ್ತಾನೆ. ಆ ಕೆಲಸ ಕೀಳು ಅಂತಲ್ಲ. ಸಾಲ ಇನ್ನೂ ಅವರಪ್ಪ ತೀರಿಸ್ತಿದ್ದಾರೆ, ಹುಡುಗ ಬರೆಯೋದು ನಿಲ್ಲಿಸಿದ್ದಾನೆ.

ಟೆಕ್ನಿಕಲ್ ಓದಿದ್ರೆ ಜಾತಿ ಹಿಂದೆ ಬರಲ್ಲ ಅನ್ನೋದು ಇನ್ನೊಂದು ಭ್ರಮೆ. 2020ರಲ್ಲಿ ಅಮೆರಿಕದ ದೊಡ್ಡ ಟೆಕ್ ಕಂಪನಿಯೊಂದರ ಮೇಲೆ, ದಲಿತ ಇಂಜಿನಿಯರಿಗೆ ಜಾತಿ ತಾರತಮ್ಯ ಆಗಿದೆ ಅಂತ ಕ್ಯಾಲಿಫೋರ್ನಿಯಾದ ಸರ್ಕಾರಿ ಇಲಾಖೆಯೇ ಕೇಸು ಹಾಕ್ತು. 2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನ ಕಾನೂನಿನಲ್ಲೇ ನಿಷೇಧ ಮಾಡ್ತು. ಜಾತಿ ಸಮುದ್ರ ದಾಟಿ ಕಂಪ್ಯೂಟರ್ ಮುಂದೆ ಹೋಗಿ ಕೂತಿದೆ. ಅದನ್ನ ಗುರುತು ಹಿಡಿದು, ಹೆಸರಿಟ್ಟು, ಅದರ ಎದುರು ವಾದ ಮಾಡೋ ಭಾಷೆಯನ್ನ ಕೋಡಿಂಗ್ ಕೊಡಲ್ಲ. ಸಮಾಜ ಓದಿದವರೇ ಕೊಡಬೇಕು.

ಇನ್ನು ನಮ್ಮೋರಿಗೂ ಎರಡು ಮಾತು. ಬೇಜಾರಾದ್ರೆ ಆಗಲಿ.

ವೇದಿಕೆ ಮೇಲೆ "ಶಿಕ್ಷಣ, ಸಂಘಟನೆ, ಹೋರಾಟ" ಅಂತ ಗಂಟಲು ಹರ್ಕೊಳ್ಳೋ ನಾಯಕರೇ, ನಿಮ್ಮ ಮಕ್ಕಳು ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ. ಸರ್ಕಾರಿ ಡಿಗ್ರಿ ಕಾಲೇಜಿನ ಒಳಗೆ ನೀವು ಕೊನೆಗೆ ಕಾಲಿಟ್ಟಿದ್ದು ಯಾವಾಗ? ಅಲ್ಲಿ ಪಾಠ ಮಾಡೋರು ಹೆಚ್ಚಿನಂಶ ಅತಿಥಿ ಉಪನ್ಯಾಸಕರು. ವರ್ಷ ವರ್ಷ ಕೆಲಸ ಉಳಿಯುತ್ತೋ ಇಲ್ವೋ ಅಂತ ಬೀದೀಲಿ ಧರಣಿ ಕೂರ್ತಾರೆ. ಅವರಲ್ಲಿ ನಮ್ಮೋರೂ ಇದ್ದಾರೆ. 2021ರಲ್ಲಿ ಎನ್‌ಇಪಿ ಅಂತ ಡಿಗ್ರಿ ನಾಲ್ಕು ವರ್ಷ ಮಾಡೋಕೆ ಹೊರಟ್ರು, 2024ರಲ್ಲಿ ಮತ್ತೆ ಮೂರೇ ವರ್ಷ ಅಂದ್ರು. ಮಧ್ಯೆ ಸಿಕ್ಕಿ ಒದ್ದಾಡಿದ ಮಕ್ಕಳ ಬಗ್ಗೆ ನಾವು ಎಷ್ಟು ಸಭೆ ಮಾಡಿದ್ವಿ?

ಪ್ರತಿಮೆಗೆ ಜಾಗ ಕೇಳಿದಷ್ಟು ಗಟ್ಟಿಯಾಗಿ ನಾವು ಲೈಬ್ರರಿಗೆ ಪುಸ್ತಕ ಕೇಳಿಲ್ಲ. ಇದರಲ್ಲಿ ನಾನೂ ತಪ್ಪಿತಸ್ಥ.

ಓದೋ ಹುಡುಗರಿಗೂ ಹೇಳ್ತೀನಿ. ಬಿಎ ಸೇರಿ, ಗೈಡು ಉರು ಹೊಡೆದು, ಮೂರು ವರ್ಷ ರೀಲ್ಸ್ ಮಾಡ್ಕೊಂಡು ಓಡಾಡಿದ್ರೆ ಆ ಸಾಹೇಬ್ರ ಮಾತೇ ನಿಜ ಆಗುತ್ತೆ. ಇಂಗ್ಲಿಷ್ ಕಲೀರಿ. ಬಾಬಾಸಾಹೇಬರ ಸಂಪುಟಗಳು ಕನ್ನಡದಲ್ಲೇ ಇವೆ, ತೆಗೆದು ಓದಿ. ನಿಮ್ಮಜ್ಜಿ ಹತ್ರ ಕೂತ್ಕೊಳ್ಳಿ, ಬರ್ಕೊಳ್ಳಿ.

ಇಷ್ಟೆಲ್ಲ ಇವತ್ತೇ ಯಾಕೆ ಬರೆದೆ ಅಂದ್ರೆ, ನಮ್ಮ ತಾಲ್ಲೂಕಿನ ಸರ್ಕಾರಿ ಕಾಲೇಜಿನಲ್ಲಿ ಈ ವರ್ಷ ಐಚ್ಛಿಕ ಕನ್ನಡ ಇರೋ ಬಿಎ ಕಾಂಬಿನೇಷನ್ ತೆಗೆಯೋ ಮಾತು ನಡೀತಿದೆ. ಮಕ್ಕಳು ಸಾಲದು ಅನ್ನೋದು ಕಾರಣ. ಮಕ್ಕಳು ಯಾಕೆ ಸಾಲದು? ಮನೆಮನೆಗೆ ಹೋಗಿ ಬಿಎ ವೇಸ್ಟು ಅಂತ ಹೇಳಿದ್ರೆ ಮಕ್ಕಳು ಎಲ್ಲಿಂದ ಬರ್ತಾರೆ? ಒಂದು ಸಲ ಮುಚ್ಚಿದ್ರೆ ಮತ್ತೆ ತೆರೆಯಲ್ಲ. ಮೇಷ್ಟ್ರ ಹುದ್ದೆ ಹೋಗುತ್ತೆ, ಹುದ್ದೆಯ ಜೊತೆ ಮೀಸಲಾತಿಯೂ ಹೋಗುತ್ತೆ. ಆಮೇಲೆ ಚರಿತ್ರೆ, ಸಾಹಿತ್ಯ, ತತ್ವಶಾಸ್ತ್ರ ಎಲ್ಲ ಲಕ್ಷ ಫೀಸು ಕಟ್ಟೋರ ಸೊತ್ತು. ನಮ್ಮ ಕಥೆಯನ್ನ ಮತ್ತೆ ಅವರೇ ಬರೀತಾರೆ.

ಅದಕ್ಕೆ ಮೂರು ಕೆಲಸ.

ಒಂದು. ಪಿಯುಸಿ ಪಾಸಾದ ಮಕ್ಕಳು ನಿಮ್ಮ ಕೇರಿಯಲ್ಲಿ ಯಾರಿದ್ದಾರೋ ಪಟ್ಟಿ ಮಾಡಿ. ಆಸೆ ಇದ್ದವರನ್ನ ಬಿಎಗೆ ಸೇರಿಸಿ. ಯುಯುಸಿಎಂಎಸ್ ಅರ್ಜಿ, ಎಸ್‌ಎಸ್‌ಪಿ ಸ್ಕಾಲರ್‌ಶಿಪ್, ಹಾಸ್ಟೆಲ್ ಅರ್ಜಿ ತುಂಬೋಕೆ ಈ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮೂರ ಅಂಬೇಡ್ಕರ್ ಭವನದಲ್ಲಿ ನಾವು ನಾಲ್ಕು ಜನ ಕೂತಿರ್ತೀವಿ. ಮಾರ್ಕ್ಸ್ ಕಾರ್ಡ್, ಆಧಾರ್, ಜಾತಿ-ಆದಾಯ ಪ್ರಮಾಣಪತ್ರ ತನ್ನಿ, ಆರ್‌ಡಿ ನಂಬರ್ ಇರೋದು. ದುಡ್ಡು ಕೊಡೋ ಹಾಗಿಲ್ಲ.

ಎರಡು. ಕಾಂಬಿನೇಷನ್ ಮುಚ್ಚಬಾರದು, ಖಾಲಿ ಹುದ್ದೆ ತುಂಬಬೇಕು, ಲೈಬ್ರರಿ ಸಂಜೆಯೂ ತೆರೆದಿರಬೇಕು ಅಂತ ಪ್ರಿನ್ಸಿಪಾಲರಿಗೆ ಸೋಮವಾರ ಮನವಿ ಕೊಡ್ತೀವಿ. ಬನ್ನಿ. ಫೋಟೋ ತೆಗೆಸ್ಕೊಂಡು ಹೋಗೋಕೆ ಬರೋದಾದ್ರೆ ಬರಬೇಡಿ.

ಮೂರು. ಬಿಎ ಓದಿದ ನಮ್ಮ ಅಣ್ಣ ತಮ್ಮಂದಿರು, ಅಕ್ಕ ತಂಗಿಯರು, ನಿಮ್ಮ ಓದು ನಿಮಗೇನು ಕೊಡ್ತು ಅಂತ ಕಮೆಂಟಿನಲ್ಲಿ ಬರೀರಿ. ಮಕ್ಕಳು ಓದ್ತಾರೆ.

ಕೊನೆಗೆ ನಮ್ಮ ಹುಡುಗಿ ವಿಷಯ. ಭಾವ ಇನ್ನೂ ಪೂರ್ತಿ ಒಪ್ಪಿಲ್ಲ. ಕೂಲಿ ಮಾಡಿ ಸಾಕಿದ ಅಪ್ಪ, ಅವರ ಭಯ ನನಗೆ ಅರ್ಥ ಆಗುತ್ತೆ, ಅವರನ್ನ ಬೈಯಲ್ಲ. ನಿನ್ನೆ ರಾತ್ರಿ ಅವರೇ ಮಗಳನ್ನ ಕೇಳಿದ್ರು, "ಬಿಎ ಓದಿ ಏನವ್ವಾ ಮಾಡ್ತೀಯಾ?" ಅವಳು ನನ್ನ ಮುಖ ನೋಡಿದಳು. ನಾನು ಬಾಯಿ ಬಿಡಲಿಲ್ಲ. "ಅಪ್ಪಾ, ನಮ್ ಜಮೀನಿನ ಕಾಗದ ಪೆಟ್ಟಿಗೇಲಿ ಇದೆಯಲ್ಲ, ಅದರಲ್ಲಿ ಏನ್ ಬರೆದದೆ ಅಂತ ನಿಂಗೆ ಗೊತ್ತಾ?" ಅಂತ ಕೇಳಿದಳು.

ಭಾವ ಏನೂ ಹೇಳಲಿಲ್ಲ. ಎದ್ದು ಹೋಗಿ ಪೆಟ್ಟಿಗೆ ತೆಗೆದ್ರು.

ಭಾನುವಾರ ಮೊದಲನೇ ಅರ್ಜಿ ಅವಳದೇ. ಶೇರ್ ಮಾಡಿ, ಬನ್ನಿ.

ಜೈ ಭೀಮ್.